ಬೆಳ್ಳಿಯ ಮೇಲೆ ಅನುಮಾನ

ಚಾಮರಾಜನಗರದ ಬೀದಿದೀಪಗಳ ನಡುವೆ ಅರ್ಧ ಆಕಾಶ ಮಾತ್ರ ನಮಗೆ ದಕ್ಕುತ್ತದೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದರೆ ಹಾಗಲ್ಲ. 2009ರಿಂದ ರಾತ್ರಿ 9ರ ಮೇಲೆ ಕಾಡಿನ ಹೆದ್ದಾರಿಯಲ್ಲಿ ವಾಹನಗಳಿಗೆ ತಡೆಯಿದೆ. ಕತ್ತಲು ಕತ್ತಲಾಗಿಯೇ ಉಳಿದಿದೆ. ಆನೆ, ಹಂದಿಗಳಿಂದ ಬೆಳೆ ಕಾಯಲು ಅಟ್ಟಣೆ ಹತ್ತಿ ಕೂರುವ ರೈತರಿಗೆ ಆಕಾಶವೇ ಗಡಿಯಾರ. 'ಬೆಳ್ಳಿ ಮೂಡದ, ಇನ್ನೇನು ಬೆಳಗಾಯ್ತದ ಸಾಬ್ರೆ' ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ನಾವು ಕಲಿತ ಹೆಸರು ಜೊಹ್ರಾ. ಕನ್ನಡ ಶಾಲೆಗೆ ಬಂದಾಗ ಅದೇ ಶುಕ್ರ. ಮುಷ್ತರಿ ಎಂದದ್ದು ಗುರುಗ್ರಹವಾಯಿತು.

ಈ ಎರಡು ಗ್ರಹಗಳು ಒಮ್ಮೆ ನಮ್ಮ ಸೇನೆಯ ನಿದ್ದೆ ಕೆಡಿಸಿದ್ದವು. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖಿನ ಗಡಿಯಲ್ಲಿ ಸೈನಿಕರು ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡರು. ಅದರಲ್ಲಿ 155 ಸಲ ಅವು ವಾಸ್ತವ ನಿಯಂತ್ರಣ ರೇಖೆ ದಾಟಿ ಬಂದವೆಂದು ದಾಖಲಿಸಿದರು. ಒಂದು ಸಂಜೆ ಕಾಣಿಸಿದರೆ ಇನ್ನೊಂದು ನಸುಕಿಗೆ. ಚೀನಾದ ಬೇಹುಗಾರ ಡ್ರೋನ್‌ಗಳೆಂಬ ಅನುಮಾನ. 1962ರ ನೆನಪಿರುವ ಗಡಿಯಲ್ಲಿ ಅನುಮಾನ ಹುಟ್ಟುವುದು ಸಹಜ. ಅಲ್ಲಿಯ ತೆಳು ಗಾಳಿಯಲ್ಲಿ ಗ್ರಹಗಳು ಯಾರೋ ಹಿಡಿದು ನಿಂತ ದೀಪದಂತೆ ಹೊಳೆಯುತ್ತವೆ.

ಸೇನೆ ಮೊರೆಹೋದದ್ದು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ. ಲಡಾಖಿನ ಹಾನ್ಲೆಯಲ್ಲಿ ಅದರ ವೀಕ್ಷಣಾಲಯವಿದೆ; ಅಲ್ಲಿಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ವಿಜ್ಞಾನಿಗಳಿಗೆ ಬೇಕಿದ್ದ ವಿವರ ಸರಳ: ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ? (ಈದ್ ಚಂದ್ರನನ್ನು ಕಂಡೆನೆಂದು ಓಡಿ ಬಂದವನನ್ನು ನಮ್ಮ ಹಿರಿಯರು ಕೇಳುವುದೂ ಇದನ್ನೇ.) ಲೆಕ್ಕ ತಾಳೆಯಾಯಿತು: ಸಂಜೆಯದು ಗುರು, ನಸುಕಿನದು ಶುಕ್ರ. 2013ರ ಜುಲೈನಲ್ಲಿ ಸುದ್ದಿ ಹೊರಬಿದ್ದಾಗ ಜನ ನಕ್ಕರು.

ನಮಗೆ ನಗು ಬರಲಿಲ್ಲ. ಕೈಯಲ್ಲಿ ಬಂದೂಕಿದ್ದವರು ಆರು ತಿಂಗಳು ಎಣಿಸಿದರು, ಬರೆದಿಟ್ಟರು, ತಿಳಿದವರನ್ನು ಕೇಳಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೀಗಾಗಲಿಲ್ಲ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು; ಮಕ್ಕಳ ಕಳ್ಳರೆಂದು ಕೂಗೆದ್ದಿತು. ಕಾರು ಹತ್ತಿ ತಪ್ಪಿಸಿಕೊಂಡವರನ್ನು ಮುರ್ಕಿಯಲ್ಲಿ ಅಡ್ಡಗಟ್ಟಿ ಬಡಿದರು. ಒಬ್ಬ ಯುವಕ ಸತ್ತ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಆ ಕಾರಿಗಿಂತ ಮೊದಲೇ ಅನುಮಾನ ವಾಟ್ಸಾಪ್ ಏರಿ ಮುರ್ಕಿ ತಲುಪಿತ್ತು.