ಅಳೆಯದೇ ಬಿಟ್ಟಿದ್ದು

ಗೋಕುಲಂನ ನಮ್ಮನೆ ಬಾಲ್ಕನಿಯಲ್ಲಿ ಕೂತು 32 ಇಂಚಿನ ಕಾರ್ಬನ್ ಬಾಣಗಳನ್ನು 29ಕ್ಕೆ ಕತ್ತರಿಸ್ತಿದ್ದೆ. ಗರಗಸ ಹಾಕಿದ್ರೆ ನಾರು ಸೀಳುತ್ತೆ, ಅದಕ್ಕೇ ಜೋರಾಗಿ ತಿರುಗೋ ಕಟಿಂಗ್ ವೀಲ್ ತಂದಿದ್ದೆ. ಗಿಡ್ಡವಾದಷ್ಟೂ ಬಾಣ ಬಾಗೋದು ಕಡಿಮೆ, ಕತ್ತರಿಸಿದ್ದನ್ನ ಮತ್ತೆ ಜೋಡಿಸೋಕೂ ಆಗಲ್ಲ. ಹಾಗಾಗಿ ಮೂರು ಸಲ ಅಳೆದೆ. ಗಾಳಿ ಯಾವ ಕಡೆ ಬೀಸ್ತಿದೆ ಅಂತ ಮಾತ್ರ ನೋಡಲಿಲ್ಲ.

"ಏನೋ ಇದು, ಮಸಿ?" ಅಂದ್ರು ಅಮ್ಮ. ಹಗ್ಗದ ಮೇಲಿದ್ದ ಮಗಳ ಪುಟ್ಟ ಅಂಗಿಗಳ ತುಂಬ ಕಪ್ಪು ಪುಡಿ. ಮಸಿಯಲ್ಲ, ಚರ್ಮಕ್ಕೆ ಚುಚ್ಚೋ, ಉಸಿರಲ್ಲಿ ಒಳಗೆ ಹೋಗೋ ಕಾರ್ಬನ್ ಧೂಳು. ಆರು ಅಂಗಿಯನ್ನೂ ಎಸೆದೆ. ಅಮ್ಮ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಟೆರೇಸ್ ಮೇಲೆ ಮಾಸ್ಕ್, ಕನ್ನಡಕ ಹಾಕ್ಕೊಂಡು ಕತ್ತರಿಸ್ತೀನಿ. ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ. ಸ್ನಾನ ಮಾಡದೆ ಮಗಳನ್ನ ಎತ್ಕೊಳ್ಳಲ್ಲ. ಟೇಪು ಹಿಡಿಯೋಕೆ ಮುಂಚೆ ಹಗ್ಗ ನೋಡ್ತೀನಿ.