ತೆಂಗಿನ ನಾರಿನ ಹೊಟ್ಟು ಮತ್ತು ಶ್ರಾವಕನ ವಿವೇಕ

ಗೃಹಸ್ಥನ ಬದುಕು ಆರಂಭದಿಂದ ಮುಕ್ತವಾದುದಲ್ಲ. ಒಲೆ ಹೊತ್ತಿಸದೆ ಅಡುಗೆಯಿಲ್ಲ, ನೀರು ಸೇದದೆ ಸ್ನಾನವಿಲ್ಲ, ನೆಲ ಅಗೆಯದೆ ಬೆಳೆಯಿಲ್ಲ. ಇದನ್ನರಿತೇ ಜೈನಾಚಾರ್ಯರು ಶ್ರಾವಕನಿಗೆ ಅಣುವ್ರತಗಳನ್ನು ವಿಧಿಸಿದರು. ಚಲಿಸುವ ತ್ರಸಜೀವಗಳನ್ನು ಸಂಕಲ್ಪಪೂರ್ವಕವಾಗಿ ಹಿಂಸಿಸುವುದನ್ನು ಅವನು ಬಿಡಬೇಕು. ಮಣ್ಣು, ನೀರು, ಬೆಂಕಿ, ಗಾಳಿ, ವನಸ್ಪತಿಗಳೆಂಬ ಸ್ಥಾವರ ಜೀವಗಳ ವಿಷಯದಲ್ಲಿ ಅನಿವಾರ್ಯವಾದಷ್ಟಕ್ಕೆ ನಿಲ್ಲಬೇಕು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ 5 ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಎಲ್ಲವೂ ಅದರಲ್ಲಿ ಬರುತ್ತವೆ. ಪ್ರವಚನದಲ್ಲಿ ಕೇಳುವಾಗ ದೂರದ್ದೆನಿಸುವ ಈ ಮಾತು ಒಂದು ಹೂಕುಂಡದ ಮುಂದೆ ಕುಳಿತಾಗ ಎಷ್ಟು ಹತ್ತಿರದ್ದಾಗುತ್ತದೆಂಬುದಕ್ಕೆ ಗುಳೇದಗುಡ್ಡದ ಒಂದು ಮನೆಯ ಅನುಭವ ನಿದರ್ಶನವಾಗಿದೆ.

ಖಣಕ್ಕೆ ಹೆಸರಾದ ಈ ಊರಿನಲ್ಲಿ ಅದು ಬಟ್ಟೆ ವ್ಯಾಪಾರದ ಮನೆತನ. ಆ ಓಣಿಯಲ್ಲಿ ಮಗ್ಗದ ಸದ್ದು ಹೊಸದಲ್ಲ. ಮನೆಯ ಹಿರಿಯಾಕೆ ಎಪ್ಪತ್ತು ದಾಟಿದವರು, ರಾತ್ರಿಭೋಜನ ತ್ಯಾಗ ಮಾಡಿದವರು, ಗಾಳಿಸಿದ ನೀರನ್ನಲ್ಲದೆ ಕುಡಿಯದವರು. ಯಜಮಾನರು ತೀರಿಕೊಂಡ ಮೇಲೆ ಮಾಳಿಗೆಯ ಮೇಲಿನ ಮೂವತ್ತು ಕುಂಡಗಳೇ ಅವರ ದಿನದ ಒಡನಾಟವಾಗಿದ್ದವು. ಮೆಣಸಿನಗಿಡ, ಟೊಮೆಟೊ, ಹೀರೆಬಳ್ಳಿ, ಬಸದಿಗೆ ಒಯ್ಯಲು ನಾಲ್ಕು ಗಿಡ ಸೇವಂತಿಗೆ. ಒಂದು ಆಷಾಢದಲ್ಲಿ ಕುಂಡದ ಹಳೆಯ ಮಣ್ಣನ್ನು ಕೆದಕಿ ಹೊಸ ಮಣ್ಣು ತುಂಬುವಾಗ ಕುರ್ಚಿಗೆಯ ಬಾಯಿಗೆ ಎರೆಹುಳವೊಂದು ಸಿಕ್ಕಿ ಎರಡು ತುಂಡಾಯಿತು. ಹಿರಿಯಾಕೆ ಕುರ್ಚಿಗೆಯನ್ನು ಕೆಳಗಿಟ್ಟರು.

“ಇದು ದ್ವೀಂದ್ರಿಯ ಜೀವ. ಚಾತುರ್ಮಾಸ ಬಂತು. ಇನ್ನ ಈ ಕೈಯಿಂದ ಮಣ್ಣ ಕೆದರೂದು ಬ್ಯಾಡವ್ವಾ. ಕುಂಡಗೋಳನ್ನ ಯಾರಿಗಾರ ಕೊಟ್ಟ ಬಿಡು” ಎಂದು ಸೊಸೆಗೆ ಹೇಳಿ ಕೆಳಗಿಳಿದರು.

ಸೊಸೆಗೆ ಅತ್ತೆಯ ನಿರ್ಧಾರದಲ್ಲಿ ಧರ್ಮವೂ ಕಂಡಿತು, ನೋವೂ ಕಂಡಿತು. ಕುಂಡಗಳನ್ನು ಬೇರೆಯವರಿಗೆ ಕೊಟ್ಟರೆ ಅಲ್ಲಿಯೂ ಮಣ್ಣು ಕೆದಕುವವರೇ. ಹಿಂಸೆ ನಿಂತಂತಾಗುವುದಿಲ್ಲ, ಕಣ್ಣಿನ ಮುಂದಿನಿಂದ ಸರಿದಂತಾಗುತ್ತದೆ. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಕೆಯ ಅಣ್ಣನ ಮಗ ಆ ವಾರ ಮನೆಗೆ ಬಂದಿದ್ದ. ಮಣ್ಣನ್ನೇ ಮುಟ್ಟದೆ ತೆಂಗಿನ ನಾರಿನ ಹೊಟ್ಟಿನಲ್ಲಿ ಸಸಿ ಎಬ್ಬಿಸಬಹುದೆಂದು ಅವನು ಹೇಳಿದ. ಅಂಗಡಿಯವರು ಕೋಕೋಪೀಟ್ ಎಂದು ಇಟ್ಟಿಗೆಯ ಆಕಾರದಲ್ಲಿ ಮಾರುವ ಕಂದು ಬಣ್ಣದ ಹಗುರ ವಸ್ತುವೇ ಅದು.

ಈ ಹೊಟ್ಟಿನ ಹುಟ್ಟನ್ನು ತಿಳಿದರೆ ಅದರ ಗುಣ ತಿಳಿಯುತ್ತದೆ. ತಿಪಟೂರು, ಅರಸೀಕೆರೆಗಳ ಕಡೆ ತೆಂಗಿನಕಾಯಿಯ ಸಿಪ್ಪೆಯನ್ನು ಯಂತ್ರಕ್ಕೆ ಕೊಟ್ಟು ನಾರನ್ನು ಬೇರ್ಪಡಿಸುತ್ತಾರೆ. ಹಗ್ಗ, ಚಾಪೆ, ಹಾಸಿಗೆಗಳಿಗೆ ನಾರು ಹೋಗುತ್ತದೆ. ನಾರುಗಳ ನಡುವೆ ಬೆಂಡಿನಂತೆ ತುಂಬಿಕೊಂಡಿದ್ದ ಪುಡಿ ಉದುರಿ ಉಳಿಯುತ್ತದೆ. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ. ಇದರಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ದಶಕಗಳ ಕಾಲ ಇದು ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡವಾಗಿ ಬಿದ್ದು, ಬೇಸಗೆಯಲ್ಲಿ ಬೆಂಕಿ ಹತ್ತಿ, ಮಳೆಗಾಲದಲ್ಲಿ ಕಂದು ನೀರನ್ನು ಸುತ್ತಲ ಬಾವಿಗಳಿಗೆ ಹರಿಸುತ್ತ ಉಪದ್ರವವೆನಿಸಿತ್ತು. 19ನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ತೋಟಗಾರರು ಇದನ್ನು ಬಳಸಿ ನೋಡಿ ಕೈಬಿಟ್ಟಿದ್ದರು. 1980ರ ದಶಕದ ಕೊನೆಯಿಂದ ಮತ್ತೆ ಇದಕ್ಕೆ ಬೆಲೆ ಬಂದು, ಶ್ರೀಲಂಕಾ ಮತ್ತು ದಕ್ಷಿಣ ಭಾರತದಿಂದ ಯುರೋಪಿನ ಹಸಿರುಮನೆಗಳಿಗೆ ಹಡಗಿನಲ್ಲಿ ಹೋಗತೊಡಗಿತು. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಂಡೂ ಬೇರಿಗೆ ಗಾಳಿಯಾಡಲು ಬಿಡುವುದು ಇದರ ವಿಶೇಷ. ಗುಳೇದಗುಡ್ಡದಂತಹ ಕಡಿಮೆ ಮಳೆಯ, ಬಂಡೆಯ ಬಿಸಿಯ ಊರಿಗೆ ಇದು ಸಣ್ಣ ಉಪಕಾರವಲ್ಲ.

ಸೊಸೆ 5 ಕಿಲೋದ ಒಂದು ಇಟ್ಟಿಗೆಯನ್ನು ತಂದು ನೀರಿನಲ್ಲಿ ನೆನೆಸಿದಳು. ಕಲ್ಲಿನಂತಿದ್ದುದು ಉಬ್ಬಿ ಎರಡು ದೊಡ್ಡ ಬುಟ್ಟಿ ತುಂಬಿತು. ತಟ್ಟೆಗಳಲ್ಲಿ ತುಂಬಿ ಅರವತ್ತು ಮೆಣಸಿನ ಬೀಜ ಊರಿದಳು. ಬೀಜಗಳು ಮೊಳೆತವು, ಎರಡೆಲೆ ಬಿಟ್ಟವು, ಆಮೇಲೆ ಎಲೆಯ ಅಂಚು ಸುಟ್ಟಂತಾಗಿ ಒಂದೊಂದಾಗಿ ಬಾಡಿದವು. ಮೂರನೆಯ ವಾರಕ್ಕೆ ಉಳಿದದ್ದು ಏಳೇ ಸಸಿ. ಎರೆಹುಳವನ್ನು ಉಳಿಸಹೊರಟು ಐವತ್ಮೂರು ಸಸಿಗಳನ್ನು ತಾನೇ ಕೊಂದೆನೆಂದು ಆಕೆ ಕಣ್ಣೀರು ತಂದುಕೊಂಡಳು. ಏಕೇಂದ್ರಿಯವಾದರೂ ಅದು ಜೀವವೇ ಅಲ್ಲವೇ? ಕರುಣೆಯಿಂದ ಹೊರಟ ಕೆಲಸವೂ ಅರಿವಿಲ್ಲದೆ ಹೋದರೆ ಹಿಂಸೆಯಲ್ಲಿಯೇ ಮುಗಿಯುತ್ತದೆಂಬುದು ಆ ಮನೆಗೆ ಅಂದು ಮನವರಿಕೆಯಾಯಿತು.

ಹಿರಿಯಾಕೆ ಮಾಳಿಗೆ ಹತ್ತಿ ಬಂದು, ನೆನೆಸಿದ ಬುಟ್ಟಿಯಿಂದ ಸೋರಿದ ಕಂದು ನೀರನ್ನು ನೋಡಿದರು. ಅದು ಒಣಗಿದ ಕಡೆ ನೆಲದ ಮೇಲೆ ಬಿಳಿಯ ಪೊರೆ ಕಟ್ಟಿತ್ತು. “ನೂಲು ತೊಳಿಲಾರದ ಬಣ್ಣಕ್ಕ ಹಾಕಿದ್ರ ಬಣ್ಣ ಹಿಡಿತೈತೇನವ್ವಾ? ಇದರಾಗ ಉಪ್ಪ ಐತಿ. ಇದನ್ನೂ ಹಂಗ ತೊಳಿಬೇಕಾಗಿತ್ತು” ಎಂದರು. ಹತ್ತಿಯ ನೂಲನ್ನು ಕುದಿಸಿ ತೊಳೆದು ಅದರ ಮೇಣ ಕಳೆದ ಮೇಲೆಯೇ ಬಣ್ಣಕ್ಕೆ ಅದ್ದುವುದನ್ನು ಕಂಡು ಬೆಳೆದ ಕಣ್ಣು ಅದು.

ಅವರ ಊಹೆ ಸರಿಯಾಗಿತ್ತು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಲವಣ ಸಹಜವಾಗಿಯೇ ಇರುತ್ತದೆ. ಕಡಲತೀರದ ಕಾಯಿಯಲ್ಲಿ, ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಚೆನ್ನಾಗಿ ತೊಳೆಯದ ಹೊಟ್ಟು ಎಳೆಯ ಬೇರನ್ನು ಸುಡುತ್ತದೆ. ತೊಳೆದ ಮೇಲೆಯೂ ಹೊಟ್ಟು ಗೊಬ್ಬರದಲ್ಲಿನ ಸುಣ್ಣದ ಅಂಶವನ್ನು ತಾನೇ ಹಿಡಿದುಕೊಂಡು ಗಿಡಕ್ಕೆ ಕೊಡದಿರುವುದುಂಟು. ಅದಕ್ಕಾಗಿ ವೃತ್ತಿಪರರು ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿದ ನೀರಿನಲ್ಲಿ ಅದನ್ನು ನೆನೆಸಿ ಹದಗೊಳಿಸುತ್ತಾರೆ. ಹೊಟ್ಟಿನಲ್ಲಿ ಗಿಡಕ್ಕೆ ಬೇಕಾದ ಆಹಾರವೂ ಬಹುಮಟ್ಟಿಗೆ ಇಲ್ಲ. ಬೀಜದೊಳಗಿನ ಬುತ್ತಿ ತೀರಿದ ಮೇಲೆ ಸಸಿಗೆ ಗೊಬ್ಬರವನ್ನು ಹೊರಗಿನಿಂದಲೇ ಕೊಡಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊಟ್ಟನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಹದಗೊಳಿಸುವ ವಿಧಾನವನ್ನು ರೂಪಿಸಿರುವುದು ಇಂತಹ ಕೊರತೆಗಳನ್ನು ನೀಗಲೆಂದೇ.

ಎರಡನೆಯ ಸಲ ಹೊಟ್ಟನ್ನು ಗೋಣಿಯಲ್ಲಿ ಕಟ್ಟಿ, ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಹೀಗೆ ಮೂರು ಸಲ ತೊಳೆದರು. ಇಲ್ಲಿ ಹೊಸ ಪ್ರಶ್ನೆ ಎದ್ದಿತು. ಮಣ್ಣಿನ ಜೀವವನ್ನು ಉಳಿಸಲು ಅಪ್ಕಾಯಿಕ ಜೀವಗಳಾದ ನೀರನ್ನು ಕೊಡಗಟ್ಟಲೆ ಸುರಿಯುವುದು ಯಾವ ನ್ಯಾಯ? ಹಿರಿಯಾಕೆ ಅದಕ್ಕೂ ಮಿತಿ ಹಾಕಿದರು. ಬಟ್ಟೆ ಒಗೆದ ಮೇಲೆ ಕೊನೆಯಲ್ಲಿ ಜಾಲಿಸಿದ ತಿಳಿನೀರನ್ನೇ ಮೊದಲೆರಡು ತೊಳೆತಕ್ಕೆ ಬಳಸಬೇಕು. ಕಡೆಯದಕ್ಕೆ ಮಾತ್ರ ಒಳ್ಳೆಯ ನೀರು. ತೊಳೆದ ನೀರನ್ನು ಚರಂಡಿಗೆ ಬಿಡದೆ ಹಿತ್ತಲಿನ ತೆಂಗಿನ ಬುಡಕ್ಕೆ ಹಾಕಬೇಕು. ಉಪ್ಪನ್ನು ತಾಳಿಕೊಳ್ಳುವ ಮರ ಅದು, ಅದರ ಉಪ್ಪು ಅದಕ್ಕೇ ಮರಳಲಿ ಎಂಬುದು ಅವರ ಲೆಕ್ಕ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುವ ಆಚಾರವನ್ನು ಬಾಲ್ಯದಿಂದ ನಡೆಸಿದವರಿಗೆ ಈ ಲೆಕ್ಕ ಕಷ್ಟವಾಗಲಿಲ್ಲ.

ಹಾಗಾದರೆ ಹೊಟ್ಟು ನಿರ್ಜೀವವೇ? ಒಣಗಿದ ಸಿಪ್ಪೆಯ ಪುಡಿ ಅಚಿತ್ತವೆಂಬುದು ನಿಜ. ಆದರೆ ನೀರು ಬಿದ್ದು ಸದಾ ಒದ್ದೆಯಾಗಿದ್ದರೆ ಅದರ ಮೇಲೆ ಪಾಚಿ ಕಟ್ಟುತ್ತದೆ, ಬೂಷ್ಟು ಬರುತ್ತದೆ, ಸಣ್ಣ ಕಪ್ಪು ನೊಣಗಳು ಮೊಟ್ಟೆಯಿಡುತ್ತವೆ. ಆಮೇಲೆ ಅವುಗಳನ್ನು ಕೊಲ್ಲಲು ಔಷಧಿ ಸಿಂಪಡಿಸುವ ಪ್ರಸಂಗ ಬರುತ್ತದೆ. ಜೀವೋತ್ಪತ್ತಿಗೆ ಅವಕಾಶ ಮಾಡಿಕೊಟ್ಟು ಅನಂತರ ಕೊಲ್ಲುವುದು ಎರಡು ಪಟ್ಟು ದೋಷ. ಬೆರಳು ತೂರಿಸಿ ನೋಡಿ, ಮೇಲ್ಪದರ ಒಣಗಿದ ಮೇಲೆಯೇ ಅಳತೆಯ ನೀರು ಕೊಟ್ಟರೆ ಈ ಪ್ರಸಂಗವೇ ಬರುವುದಿಲ್ಲ. ಶಾಸ್ತ್ರ ಯತ್ನಾಚಾರವೆಂದು ಕರೆದದ್ದು ಇದನ್ನೇ.

ಮನೆಯ ಮಾಳಿಗೆಯಿಂದ ಆಚೆ ನೋಡಿದರೆ ವಿಷಯದ ಹರವು ದೊಡ್ಡದು. ಸಸಿಮಡಿಯ ಮಣ್ಣಿನಲ್ಲಿ ರೋಗ ಬಾರದಿರಲೆಂದು ಅದಕ್ಕೆ ಫಾರ್ಮಾಲ್ಡಿಹೈಡ್ ಸುರಿದು, ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿ ಮಣ್ಣಿನೊಳಗಿನ ಅಗಣಿತ ಜೀವಗಳನ್ನು ಒಮ್ಮೆಲೇ ಕೊಲ್ಲುವ ಪದ್ಧತಿ ಲೋಕದಲ್ಲಿ ಬಹುಕಾಲ ನಡೆಯಿತು. ಓಜೋನ್ ಪದರಕ್ಕೆ ಹಾನಿಕರವೆಂದು ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಆ ಅನಿಲದ ಕೃಷಿ ಬಳಕೆಯನ್ನು ಮುಂದುವರಿದ ದೇಶಗಳು 2005ರೊಳಗೆ, ಉಳಿದವು 2015ರೊಳಗೆ ಕೈಬಿಡಬೇಕಾಯಿತು. ಮಣ್ಣಿಲ್ಲದ ಮಾಧ್ಯಮಗಳಿಗೆ ಬೇಡಿಕೆ ಹೆಚ್ಚಿದ ಕಾರಣಗಳಲ್ಲಿ ಇದೂ ಒಂದು. ಇಂದು ತರಕಾರಿ ಸಸಿಗಳನ್ನು 98 ಗುಳಿಗಳ ತಟ್ಟೆಗಳಲ್ಲಿ ಹೊಟ್ಟು ತುಂಬಿ ಬೆಳೆಸುವುದು ರೂಢಿಯಾಗಿದೆ. ಬೇರಿನ ಮುದ್ದೆ ಇಡಿಯಾಗಿ ಎದ್ದುಬರುವುದರಿಂದ ನಾಟಿಯಲ್ಲಿ ಸಾಯುವ ಸಸಿಗಳೂ ಕಡಿಮೆ. ಯುರೋಪಿನಲ್ಲಿ ಕುಂಡಗಳಿಗಾಗಿ ಸಹಸ್ರಾರು ವರ್ಷಗಳಲ್ಲಿ ರೂಪುಗೊಂಡ ಜೌಗುನೆಲದ ಪೀಟ್ ಮಣ್ಣನ್ನು ಅಗೆಯುತ್ತ ಬಂದಿದ್ದಾರೆ. ಭೂಮಿಯ ನೆಲಭಾಗದ ಶೇಕಡಾ 3ರಷ್ಟೇ ಇರುವ ಅಂತಹ ಜೌಗುಗಳು ಅಪಾರ ಇಂಗಾಲವನ್ನು ಹಿಡಿದಿಟ್ಟಿವೆ. ಬಿಸಾಡಿದ ಹೊಟ್ಟು ಅಷ್ಟು ಅಗೆತವನ್ನು ತಪ್ಪಿಸಿದರೆ ಅದೂ ಜೀವದಯೆಯೇ.

ಆದರೂ ಅಹಿಂಸೆಯನ್ನು ಅಂಗಡಿಯಿಂದ ಇಟ್ಟಿಗೆಯಾಗಿ ಕೊಂಡು ತರಲು ಬರುವುದಿಲ್ಲ. ಕೇರಳದ ಹಿನ್ನೀರುಗಳಲ್ಲಿ ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ ನಾರು ತೆಗೆಯುವ ಹಳೆಯ ಪದ್ಧತಿಯಿಂದ ನೀರು ಕಪ್ಪಾಗಿ ದುರ್ನಾತವೆದ್ದು ಮೀನುಗಳು ಸತ್ತದ್ದುಂಟು. ಯಂತ್ರದ ಮುಂದೆ ನಿಂತು ದುಡಿಯುವ ಕೂಲಿಯವರ ಉಸಿರಿಗೆ ಹೊಟ್ಟಿನ ಧೂಳು ಸೇರುತ್ತದೆ. ಸಸಿಯ ತಟ್ಟೆಗಳು ಪ್ಲಾಸ್ಟಿಕ್ಕಿನವು. ಒಂದು ಸಲ ಬಳಸಿ ಎಸೆದರೆ ಮಣ್ಣಿಗೆ ಭಾರ. ಇನ್ನೊಂದು ಎಚ್ಚರ ಶ್ರಾವಕ ಕುಟುಂಬಗಳಿಗೆ ವಿಶೇಷವಾಗಿ ಬೇಕು. ಕುಂಡಕ್ಕೆಂದು ಸಿದ್ಧಪಡಿಸಿ ಮಾರುವ ಮಿಶ್ರಣಗಳಲ್ಲಿ ಹೊಟ್ಟಿನೊಂದಿಗೆ ಎಲುಬಿನ ಪುಡಿ ಬೆರೆತಿರುವುದುಂಟು, ಮೀನಿನ ದ್ರಾವಣವನ್ನು ಗೊಬ್ಬರವೆಂದು ಕೊಡುವುದುಂಟು. ಚೀಲದ ಮೇಲಿನ ಬರಹವನ್ನು ಓದದೆ, ಕೇಳದೆ ತಂದರೆ ಎರೆಹುಳವನ್ನು ಉಳಿಸಿದ ಕೈಯೇ ಎಲುಬನ್ನು ಮುಟ್ಟಿದಂತಾಗುತ್ತದೆ. ಗುಳೇದಗುಡ್ಡದ ಮನೆಯವರು ಬರಿಯ ಹೊಟ್ಟನ್ನೇ ಕೊಂಡು, ಉದುರಿದೆಲೆಯ ಗೊಬ್ಬರವನ್ನೂ ನೆನೆಸಿ ಕಳಿಸಿದ ಶೇಂಗಾ ಹಿಂಡಿಯ ತಿಳಿಯನ್ನೂ ಬಳಸಿದರು.

ಹಳೆಯ ಕುಂಡಗಳ ಮಣ್ಣನ್ನು ಏನು ಮಾಡಬೇಕೆಂಬ ಮಾತು ಬಂದಾಗ ಹಿರಿಯಾಕೆ ಅದನ್ನು ಬಿಸಿಲಿಗೆ ಸುರಿಯಲು ಬಿಡಲಿಲ್ಲ. ಚಾತುರ್ಮಾಸ ಮುಗಿಯುವವರೆಗೆ ಕುಂಡಗಳನ್ನು ಬೇವಿನ ನೆರಳಿನಲ್ಲಿ ಹಾಗೆಯೇ ಇಟ್ಟು, ಆಗಾಗ ಚಿಮುಕಿಸಿದ ನೀರಿನಲ್ಲಿ ಅವುಗಳೊಳಗಿನ ಜೀವಗಳು ಬದುಕಿಕೊಳ್ಳಲಿ ಎಂದರು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಕಂಡವರಿಗೆ ಈ ಮಾತಿನ ಮೂಲ ತಿಳಿಯುತ್ತದೆ. ಅಲ್ಲಿ ಸ್ವಾಮಿಯ ಕಾಲುಗಳನ್ನು ಬಳ್ಳಿ ಸುತ್ತಿದೆ, ಹಾವುಗಳು ಹೆಡೆಯೆತ್ತಿವೆ. ಕಾಯೋತ್ಸರ್ಗದಲ್ಲಿ ನಿಂತವನು ಬಳ್ಳಿಯನ್ನು ಕೀಳಲಿಲ್ಲ, ಹಾವನ್ನು ಅಟ್ಟಲಿಲ್ಲ. ಗೃಹಸ್ಥನಿಗೆ ಆ ನಿಲುವು ಸಾಧ್ಯವಿಲ್ಲ, ಅವನು ಕೈಯಾಡಿಸಲೇಬೇಕು. ಕೈಯಾಡಿಸುವ ಮುನ್ನ ಒಂದು ಕ್ಷಣ ನಿಂತು ನೋಡುವುದು ಮಾತ್ರ ಅವನಿಗೂ ಸಾಧ್ಯ.

ಬಸದಿಗಳ ಟ್ರಸ್ಟುಗಳು ಈ ಬಗ್ಗೆ ಯೋಚಿಸುವುದು ಉಚಿತ. ಅಭಿಷೇಕದ ದಿನಗಳಲ್ಲಿ, ಉತ್ಸವಗಳಲ್ಲಿ ಎಳನೀರಿನ ಬುರುಡೆಗಳೂ ಕಾಯಿಯ ಸಿಪ್ಪೆಗಳೂ ಬಸದಿಯ ಹಿಂದೆ ರಾಶಿ ಬೀಳುತ್ತವೆ. ಮಳೆನೀರು ನಿಂತ ಬುರುಡೆಯಲ್ಲಿ ಸೊಳ್ಳೆ ಹುಟ್ಟುತ್ತದೆ. ಆಮೇಲೆ ಹೊಗೆ, ಔಷಧಿ, ಇಲ್ಲವೇ ಬೆಂಕಿ. ಭಗವಂತನ ಅಭಿಷೇಕದ ಶೇಷದಿಂದಲೇ ಹಿಂಸೆಯ ಸರಪಣಿ ಆರಂಭವಾಗುವುದು ಶೋಭೆಯಲ್ಲ. ಬುರುಡೆಗಳನ್ನು ಅಂದೇ ಸೀಳಿ, ನೀರು ನಿಲ್ಲದಂತೆ ಬೋರಲು ಹಾಕಿ ಒಣಗಿಸಿದರೆ ಮೊದಲ ದೋಷ ತಪ್ಪುತ್ತದೆ. ಒಣಗಿದುದನ್ನು ಸಣ್ಣ ತುಂಡು ಮಾಡಿ, ನೀರು ಬದಲಿಸುತ್ತ ನಾಲ್ಕಾರು ದಿನ ನೆನೆಸಿ, ಬಸದಿಯ ಹೂಗಿಡಗಳ ಕುಂಡಗಳ ತಳಕ್ಕೆ ಹಾಕಬಹುದು. ಅವು ತೇವವನ್ನು ಹಿಡಿದು, ನೀರು ಹಾಕುವ ದಿನಗಳ ಅಂತರವನ್ನು ಹೆಚ್ಚಿಸುತ್ತವೆ. ಇದಕ್ಕೆ ಯಂತ್ರವೂ ಬೇಡ, ದೊಡ್ಡ ಹಣವೂ ಬೇಡ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಹೇಳಿದ ಮಾತು ಬಸದಿಯ ಹಿತ್ತಲಿಗೂ ಅನ್ವಯಿಸಬೇಕು.

ಆ ಮನೆಯ ಎರಡನೆಯ ಬಿತ್ತನೆಯಲ್ಲಿ ನಲವತ್ತು ಬೀಜಗಳಿಗೆ ಮೂವತ್ತಾರು ಸಸಿಗಳಾದವು. ಆರನೆಯ ವಾರಕ್ಕೆ ಅವುಗಳನ್ನು ತೊಳೆದ ಹೊಟ್ಟೂ ಎಲೆಗೊಬ್ಬರವೂ ಕೂಡಿದ ಕುಂಡಗಳಿಗೆ ಇಳಿಸಿದರು. ಮೊದಲ ಸಲ ಬದುಕಿ ಉಳಿದಿದ್ದ ಏಳು ಸಸಿಗಳನ್ನು ಹಿರಿಯಾಕೆ ಬೇರೆಯಾಗಿಯೇ ಇರಿಸಿ ಸಾಕಿದರು. ಚಾತುರ್ಮಾಸ ಮುಗಿದ ಮೇಲೆ ಬೇವಿನ ಕೆಳಗಿನ ಕುಂಡಗಳನ್ನು ಕೆದಕದೆ ನೆಲದ ಮೇಲೆ ಮೆಲ್ಲನೆ ಓರೆ ಮಾಡಿದರು. ಎರೆಹುಳಗಳು ತಾವಾಗಿ ಹೊರಬಂದು ಮರದ ಬುಡದ ತಂಪಿಗೆ ಸೇರಲು ಎರಡು ದಿನ ಹಿಡಿಯಿತು. ಅಷ್ಟು ದಿನ ಆ ಹಿತ್ತಲಿನಲ್ಲಿ ಯಾರೂ ಕಸ ಗುಡಿಸಲಿಲ್ಲ.