ಹದಿನೆಂಟು ಕೆರೆಗಳ ಊರಿನಲ್ಲಿ

ಮೂಡುಬಿದಿರೆ ಎಂದರೆ ನೆನಪಿಗೆ ಬರುವುದು 1430ರ ಸಾವಿರ ಕಂಬದ ಬಸದಿ. ಊರಿನ ಹಿರಿಯರು ಮಾತ್ರ ಇನ್ನೊಂದು ಲೆಕ್ಕ ಹೇಳುತ್ತಾರೆ: ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ. ಮಕ್ಕಳೇ, ಬಸದಿ ನೋಡಿದ ಮೇಲೆ ಅಜ್ಜ ಅಜ್ಜಿಯ ಕೈಹಿಡಿದು ಒಂದು ಕೆರೆಯನ್ನೂ ನೋಡಿ ಬನ್ನಿ. ಕಡಲಕೆರೆಗೇ ಹೋಗಬಹುದು. ಹೆಸರಿನಲ್ಲೇ ಕಡಲಿದೆ! ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವುದೂ ಅಲ್ಲೇ.

ಇಷ್ಟು ಮಳೆ ಬೀಳುವ ಊರಿಗೆ ಕೆರೆ ಯಾಕೆ? ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆಯಾಗುತ್ತದೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ನೆಲವೂ ತೂತು ತೂತಾದ ಮುರಕಲ್ಲಿನದು. ಅದು ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂಬಿಡುತ್ತದೆ. ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಪಾತಾಳಕ್ಕಿಳಿಯುತ್ತದೆ. ಕೆರೆಯಲ್ಲಿ ನಿಂತ ನೀರು ಮೆಲ್ಲಗೆ ಇಂಗಿ ಸುತ್ತಲಿನ ಬಾವಿಗಳಿಗೆ ಆಸರೆಯಾಗುತ್ತದೆ. ಹಾಗಾಗಿ ಕೆರೆಗೆ ಸೇರಿದ ಕೊಳೆ ಬಾವಿಗೂ ತಲುಪಬಹುದು.

ಕೆರೆಯ ಆರೋಗ್ಯ ತಿಳಿಯುವುದು ಹೇಗೆ? 1865ರಲ್ಲಿ ಇಟಲಿಯ ಪಾದ್ರಿ ಮತ್ತು ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೆ ಎಂದು ಅಳೆದರು. ಆಳ ಹೆಚ್ಚಿದಷ್ಟೂ ನೀರು ತಿಳಿ. ಈಗ ಕೆರೆಗಳಲ್ಲಿ 20 ಸೆಂ.ಮೀ. ಅಗಲದ ಕಪ್ಪು-ಬಿಳುಪು ತಟ್ಟೆ ಬಳಸುತ್ತಾರೆ. ಆದರೆ ತಿಳಿನೀರೆಲ್ಲ ಕುಡಿಯುವ ನೀರಲ್ಲ, ನೆನಪಿರಲಿ.

ನೀರು ಹಸಿರು ಗಂಜಿಯಂತಾಗಿದ್ದರೆ ಅದು ಪಾಚಿಯ ಕೆಲಸ. ಸಾಬೂನಿನ ನೀರು, ಗೊಬ್ಬರ, ಚರಂಡಿ ನೀರು ಎಂದರೆ ಪಾಚಿಗೆ ಹಬ್ಬದೂಟ. ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ ನಿಜ. ರಾತ್ರಿ ಅದನ್ನೇ ಉಸಿರಾಡುತ್ತದೆ, ಸತ್ತು ಕೊಳೆಯುವಾಗ ಇನ್ನಷ್ಟು ಖಾಲಿಯಾಗುತ್ತದೆ. ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಸಾಮಾನ್ಯವಾಗಿ ಮೀನುಗಳು ಹಾಯಾಗಿರುತ್ತವೆ. ತೀರಾ ಕಡಿಮೆಯಾದರೆ ಬೆಳಗಿನ ಜಾವ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ.

ಇಂಥ ಅಧ್ಯಯನ ದೊಡ್ಡವರಿಗೆ ಮಾತ್ರ ಎಂದುಕೊಳ್ಳಬೇಡಿ. 2016ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆರೆ ಸಮ್ಮೇಳನ ಮೂಡುಬಿದಿರೆಯಲ್ಲೇ ನಡೆದಾಗ ಶಾಲಾ ವಿದ್ಯಾರ್ಥಿಗಳೂ ಭಾಗವಹಿಸಿದ್ದರು.

ನಿಮ್ಮೂರಿನ ಕೆರೆಗೂ ಒಂದು ನೋಟ್‌ಬುಕ್ ಇಡಿ. ನೀರಿನ ಬಣ್ಣ, ವಾಸನೆ, ಬಂದ ಹಕ್ಕಿಗಳು, ಹಾರುವ ಏರೋಪ್ಲೇನ್ ಚಿಟ್ಟೆಗಳು, ಎಲ್ಲವನ್ನೂ ತಿಂಗಳಿಗೊಮ್ಮೆ ತಾರೀಕು ಹಾಕಿ ಬರೆಯಿರಿ. ದಡದಿಂದಲೇ ನೋಡಿ, ಹಿರಿಯರಿಲ್ಲದೆ ಹೋಗಬೇಡಿ. ಮೊದಲ ಪುಟ ಮಾತ್ರ ಅಜ್ಜ ಅಜ್ಜಿಯರದು: ಅವರು ಚಿಕ್ಕವರಿದ್ದಾಗ ಆ ಕೆರೆಯಲ್ಲಿ ಏನೇನಿತ್ತು ಎಂದು ಕೇಳಿ ಬರೆದುಕೊಳ್ಳಿ.